ಸೋತ ಚೀಟಿಗಳ ಡಬ್ಬಿ

ಜೀಲಾಂಗ್, ಆಸ್ಟ್ರೇಲಿಯಾ
ಮಂಗಳವಾರ, 3 ಆಗಸ್ಟ್ 1982

ಪ್ರಿಯ ಹೆಡ್ಲಿ,

ಇದರ ಜೊತೆ ಹತ್ತು ಪೌಂಡಿನ ಮನಿಆರ್ಡರ್ ಇದೆ. ನಿನ್ನ ಹತ್ತನ್ನು ಸೇರಿಸಿ, ಪ್ರತಿ ವರ್ಷದ ಹಾಗೆ ಪಿಲ್ಲಿಂಗ್ ಬಾಜಿ ಅಂಗಡಿಯಲ್ಲಿ ಕಟ್ಟು. ನಮ್ಮ ಫುಟ್‌ಬಾಲ್ ತಂಡದ ಮೇಲೆ: ಟೌನ್, ಚಾಂಪಿಯನ್ಸ್. ಅಪ್ಪ ಹೇಳುತ್ತಿದ್ದಷ್ಟು ಜೋರಾಗಿ ಹೇಳು, ಕಾಲರ್ ಇರುವ ಅಂಗಿ ಹಾಕಿಕೊಂಡು ಹೋಗು. ಅಂಗಡಿಯವರು ಇಪ್ಪತ್ತೊಂದು ವರ್ಷದಿಂದ ನಮ್ಮ ಮನೆಯವರನ್ನು ನೋಡಿ ನಗುತ್ತ ಬಂದಿದ್ದಾರೆ. ಈ ವರ್ಷ ಅವರಿಗೆ ನಿರಾಸೆ ಮಾಡಬೇಡ.

ಉಣ್ಣೆ ಗೋದಾಮಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಮರ್ವ್‌ಗೆ ಇದು ಅರ್ಥವೇ ಆಗುವುದಿಲ್ಲ. ಅವನು ಕುದುರೆ ಮೇಲೆ ಕಟ್ಟುವವನು. ಎರಡು ನಿಮಿಷದಲ್ಲಿ ಗೆದ್ದ ಇಲ್ಲವೇ ಸೋತ, ಮನೆಗೆ ಹೋದ. ನಿನ್ನೆ ಕೇಳಿದ: "ಒಂಬತ್ ತಿಂಗ್ಳು ಕಾಯೋದು ಅಂದ್ರೆ ಅದೇನ್ ಬಾಜಿನಾ, ಬಸಿರಾ?" ನನ್ನ ತಮ್ಮನಿಂದ ಉತ್ತರ ತರಿಸುತ್ತೇನೆ ಎಂದೆ. ನೀನು ಲೆಕ್ಕವಾಗಿ ಬರೆಯುವವನು, ಬರೆದು ಕಳಿಸು. ಅವನಿಗೆ ಓದಿ ಹೇಳುತ್ತೇನೆ.

ನೀನು ನೋಡಿಕೊಳ್ಳುವ ಮೈದಾನದ ಹುಲ್ಲು ಹೇಗಿದೆ? ರೈಲ್ವೆ ಕಡೆಯ ಮೂಲೆ ಇನ್ನೂ ಕೆರೆಯೇ?

ನಿನ್ನ,
ವಿಲ್ಫ್

—

ಗ್ಯಾಸ್ ಲೇನ್, ಬ್ರ್ಯಾಕನ್‌ಶಾ
ಮಂಗಳವಾರ, 17 ಆಗಸ್ಟ್ 1982
(ಇದನ್ನು ಕಳಿಸಿಲ್ಲ. ಹೆ.)

ಪ್ರಿಯ ವಿಲ್ಫ್,

ಶನಿವಾರ ಬಾಜಿ ಕಟ್ಟಿದೆ. ಆದರೆ ನೀನು ಹೇಳಿದ ಬಾಜಿಯನ್ನಲ್ಲ.

ಜುಲೈನಲ್ಲಿ ನಮ್ಮ ಗೋಲು ಹೊಡೆಯುವ ಹುಡುಗನನ್ನು ಬೇರೆ ಕ್ಲಬ್ಬಿಗೆ ಮಾರಿ ಸ್ಟ್ಯಾಂಡಿನ ಸೂರು ಹೊದಿಸಿದರು. ಅಭ್ಯಾಸವನ್ನು ಆರು ವಾರ ಗೆರೆಯಾಚೆ ನಿಂತು ನೋಡಿದ್ದೇನೆ. ಈ ತಂಡ ಗೆಲ್ಲುವುದಿಲ್ಲ, ಮೂರನೇ ಡಿವಿಷನ್ನಿನಲ್ಲಿ ಉಳಿಯುವುದೂ ಇಲ್ಲ. ಕೊನೆಯ ನಾಲ್ಕರಲ್ಲಿ ಬಿದ್ದು ಕೆಳಗಿಳಿಯುತ್ತದೆ. ಹೊರಗಿನವರಿಗೆ ಇದು ಇನ್ನೂ ಗೊತ್ತಿಲ್ಲ. ಹೋದ ವರ್ಷ ಒಂಬತ್ತನೇ ಸ್ಥಾನಕ್ಕೆ ಬಂದಿದ್ದೆವಲ್ಲ, ಪಿಲ್ಲಿಂಗ್ ಅದನ್ನೇ ನೋಡಿ ದರ ಬರೆದಿದ್ದಾನೆ. ಚಾಂಪಿಯನ್ ಆದರೆ ಒಂದಕ್ಕೆ ನಲವತ್ತು, ಇಳಿದರೆ ಒಂದಕ್ಕೆ ಹದಿನಾಲ್ಕು.

ಕೌಂಟರಿನಲ್ಲಿ ಮೇವಿಸ್ ಇದ್ದಳು. ಕಾಲರ್ ಹಾಕಿಕೊಂಡೇ ಹೋಗಿದ್ದೆ. ಅವಳು ನನ್ನನ್ನು ನೋಡಿದ್ದೇ ಚೀಟಿಯ ಮೇಲೆ "ಚಾಂ" ಎಂದು ಬರೆಯತೊಡಗಿದಳು. ನಾನು ಮೆಲ್ಲಗೆ "ಇಳಿಯೋದು" ಎಂದೆ. ಅವಳಿಗೆ ಕೇಳಿಸಲಿಲ್ಲ.

"ಏನಂದೆ ಹೆಡ್ಲಿ?"

ಬೇರೆ ಚೀಟಿಯಲ್ಲಿ ನಾನೇ ಬರೆದು ತಳ್ಳಿದೆ. ಓದಿದಳು. ಕನ್ನಡಕವನ್ನು ಹಣೆಗೇರಿಸಿ ಮತ್ತೆ ಓದಿದಳು.

"ಪೆನ್ ಜಾರ್ತೇನಪ್ಪಾ?"

"ಇಲ್ಲ."

"ನಿಮ್ಮಪ್ಪ ಏನಾದ್ರೂ ಬಾಗಿಲಲ್ಲಿ ನಿಂತಿದ್ರೆ ಅಂತ ಹಿಂದೆ ನೋಡ್ದೆ ಕಣೋ," ಎಂದಳು. ನಕ್ಕಳು, ಆದರೆ ಅಂಗಡಿಯವರಿಗೆಲ್ಲ ಕೇಳುವಂತೆ ನಗಲಿಲ್ಲ. ಮುದ್ರೆ ಒತ್ತಿ, ಕಾರ್ಬನ್ ಪ್ರತಿಯನ್ನು ಮಡಿಚಿ ಕೊಟ್ಟಳು. ಅವಳು ಚೀಟಿ ಮಡಿಚಿ ಕೊಟ್ಟಿದ್ದು ಇದೇ ಮೊದಲು.

ಒಂದು ಸಲವಾದರೂ ನಿನಗೆ ಗೆದ್ದ ಸುದ್ದಿ ಬರೆಯೋಣ ಎಂದು ಮಾಡಿದೆ. ಇದು ನಿಜ. ಬೇರೆ ಕಾರಣ ಇಲ್ಲ ಎಂದು ಬರೆಯಲು ಹೊರಟು ಪೆನ್ನು ಇಟ್ಟೆ.

—

ಗ್ಯಾಸ್ ಲೇನ್
ಮಂಗಳವಾರ, 17 ಆಗಸ್ಟ್ 1982

ಪ್ರಿಯ ವಿಲ್ಫ್,

ಹಣ ತಲುಪಿತು. ಶನಿವಾರ ಬಾಜಿ ಕಟ್ಟಿದೆ, ಚೀಟಿ ನನ್ನ ಬಳಿ ಇದೆ. ಬಾಜಿಯ ತೆರಿಗೆಯನ್ನೂ ಅಪ್ಪನ ಹಾಗೆ ಮೊದಲೇ ಕಟ್ಟಿದೆ.

ಮರ್ವ್‌ಗೆ ಹೀಗೆ ಹೇಳು. ಋತು ಶುರುವಾಗುವ ಮೊದಲು ಯಾರಿಗೂ ಏನೂ ಗೊತ್ತಿರುವುದಿಲ್ಲ, ಅದಕ್ಕೇ ದರ ದೊಡ್ಡದು. ಕಟ್ಟಿದ ದಿನದ ದರವೇ ಕೊನೆಯವರೆಗೂ ನಮ್ಮದು. ಡಿಸೆಂಬರಿನಲ್ಲಿ ಇಡೀ ಊರಿಗೆ ಗೊತ್ತಾಗಿ ದರ ಒಂದಕ್ಕೆ ಎರಡಕ್ಕೆ ಇಳಿದರೂ ನಮ್ಮ ಚೀಟಿಯ ಮೇಲಿನ ಅಂಕಿ ಅಲ್ಲಾಡುವುದಿಲ್ಲ. ಅದಕ್ಕೆ ಬದಲಾಗಿ ದುಡ್ಡು ಮೇ ತಿಂಗಳವರೆಗೆ ಅಂಗಡಿಯಲ್ಲಿ ಕೂರುತ್ತದೆ. ನಾವು ಕೊಡುವುದು ದುಡ್ಡು ಮಾತ್ರ ಅಲ್ಲ, ಕಾಯುವುದನ್ನೂ ಕೊಡುತ್ತೇವೆ. ಕುದುರೆಯ ಬಾಜಿ ಎರಡು ನಿಮಿಷದಲ್ಲಿ ಮುಗಿದು ಹೋಗುತ್ತದೆ, ಮನುಷ್ಯ ಹಾಗೇ ಇರುತ್ತಾನೆ. ಇದು ನಲವತ್ತಾರು ಪಂದ್ಯ ಮನೆಯಲ್ಲಿ ನಮ್ಮ ಜೊತೆ ಇರುತ್ತದೆ.

ಹುಲ್ಲು ಚೆನ್ನಾಗಿದೆ. ರೈಲ್ವೆ ಮೂಲೆಯ ಚರಂಡಿಗೆ ಹೊಸ ಕಬ್ಬಿಣದ ಮುಚ್ಚಳ ಹಾಕಿಸಿದ್ದೇನೆ. ಮಳೆ ಬಂದರೆ ಮುಚ್ಚಳ ಎತ್ತುತ್ತೇನೆ, ಹತ್ತು ಹದಿನೈದು ನಿಮಿಷದಲ್ಲಿ ಕೆರೆ ಇಳಿಯುತ್ತದೆ. ಅದರ ಗುಟ್ಟು ನನ್ನೊಬ್ಬನಿಗೇ ಗೊತ್ತು.

ಹೆಡ್ಲಿ

—

ಜೀಲಾಂಗ್
ಭಾನುವಾರ, 21 ನವೆಂಬರ್ 1982

ಪ್ರಿಯ ಹೆಡ್ಲಿ,

ನಿನ್ನ ಉತ್ತರ ಓದಿ ಹೇಳಿದೆ. ಮರ್ವ್ "ನಿನ್ ತಮ್ಮಂಗೆ ಮದ್ವೆ ಆಗಿದ್ಯಾ?" ಅಂದ. ಇಲ್ಲ ಎಂದೆ. "ಅದಕ್ಕೇ," ಅಂದ.

ರೇಡಿಯೋದಲ್ಲಿ ಫಲಿತಾಂಶ ಕೇಳುತ್ತಿದ್ದೇನೆ. ಹದಿನೇಳು ಪಂದ್ಯ, ಮೂರು ಗೆಲುವು. ನಿನ್ನ ಅಕ್ಟೋಬರ್ ಕಾಗದ ಅರ್ಧ ಪುಟ. ಹವಾಮಾನ ಇತ್ತು, ಹುಲ್ಲು ಕತ್ತರಿಸುವ ಯಂತ್ರ ಇತ್ತು, ಟೌನ್ ಇರಲಿಲ್ಲ. ಅಷ್ಟು ಬೇಜಾರು ಮಾಡಿಕೊಳ್ಳಬೇಡ ಮಾರಾಯ. ನಿನ್ನ ಕಣ್ಣೆದುರೇ ಸೋಲುತ್ತಿದ್ದಾರೆ, ನಾನಾದರೆ ಸಾವಿರಾರು ಮೈಲಿ ದೂರ ಕೂತು ಬೈದುಕೊಂಡು ಮಲಗಬಹುದು. ಅಪ್ಪ ಹೇಳುತ್ತಿದ್ದರಲ್ಲ, ಕ್ರಿಸ್‌ಮಸ್ ಆಗುವವರೆಗೆ ಅಂಕಪಟ್ಟಿ ನೋಡಬೇಡ ಅಂತ. ನೀನೂ ನೋಡಬೇಡ.

ವಿಲ್ಫ್

—

ಗ್ಯಾಸ್ ಲೇನ್
ಸೋಮವಾರ, 17 ಜನವರಿ 1983
(ಇದನ್ನೂ ಕಳಿಸಿಲ್ಲ. ಹೆ.)

ಪ್ರಿಯ ವಿಲ್ಫ್,

ನೀನು ಪಟ್ಟಿ ನೋಡಬೇಡ ಎಂದೆ. ನಾನು ದಿನವೂ ನೋಡುತ್ತೇನೆ, ಕೆಳಗಿನಿಂದ ಮೇಲಕ್ಕೆ. ಚಿಕ್ಕಂದಿನಿಂದ ಮೇಲಿನಿಂದ ಓದಿಕೊಂಡು ಬಂದವನು ಇದನ್ನು ಯಾವ ವಾರ ಶುರುಮಾಡಿದೆ ಎಂಬುದು ನನಗೇ ಗೊತ್ತಾಗಲಿಲ್ಲ.

ಮೊನ್ನೆ ಕೊನೆಯ ನಿಮಿಷದಲ್ಲಿ ನಮ್ಮವರು ಸಮ ಮಾಡಿದರು. ಸ್ಟ್ಯಾಂಡ್ ಪೂರ್ತಿ ಎದ್ದು ನಿಂತಿತು. ನಾನೂ ಎದ್ದೆ. ಎದ್ದು ನಿಂತಾಗ ನನ್ನ ಮನಸ್ಸಿಗೆ ಮೊದಲು ಬಂದ ಮಾತು "ಛೆ" ಎಂಬುದು.

ಪಿಲ್ಲಿಂಗ್ ಈಗ ಟೌನ್ ಇಳಿಯುವುದಕ್ಕೆ ಒಂದಕ್ಕೆ ಎರಡು ಕೊಡುತ್ತಿದ್ದಾನೆ. ಮೇವಿಸ್ ಶುಕ್ರವಾರ ರಸ್ತೆಯಲ್ಲಿ ಸಿಕ್ಕಳು. "ಯಜಮಾನ್ರು ನಿನ್ ಚೀಟಿ ತೊಂಬತ್ತು ಪೌಂಡಿಗೆ ವಾಪಸ್ ತಗೋತಾರಂತೆ. ಕೊಟ್ಬಿಡು ಹೆಡ್ಲಿ. ಆಮೇಲೆ ಟೌನ್ ಗೆದ್ರೆ ನೆಮ್ಮದಿಯಾಗಿ ಚಪ್ಪಾಳೆ ಹೊಡೀಬಹುದು," ಎಂದಳು. ಅವಳು ಹಣದ ಮಾತಾಡಲಿಲ್ಲ ವಿಲ್ಫ್, ಚಪ್ಪಾಳೆಯ ಮಾತಾಡಿದಳು. ಮೇವರೆಗೆ ಕಾದರೆ ಕಟ್ಟಿದ ಇಪ್ಪತ್ತೂ ಸೇರಿ ಮುನ್ನೂರು, ಈಗ ತೊಂಬತ್ತು. ಇಲ್ಲ ಎಂದೆ.

"ಹಾಗಾದ್ರೆ ಹುಷಾರು. ಕ್ಲಬ್ ಸಂಬಳ ತಿನ್ನೋನು ನೀನು. ನಿಮ್ಮಪ್ಪಂದು ಬೇರೆ ಕತೆ, ನೀನು ಗೆಲುವಿನ ಮೇಲೆ ಕಟ್ಟಿದ್ರೂ ಯಾರೂ ತಲೆ ಕೆಡಿಸ್ಕೊಳ್ತಿರ್ಲಿಲ್ಲ. ಇದು ಹಾಗಲ್ಲ."

ಇದು ಹಾಗಲ್ಲ ಎಂದು ನನಗೂ ಗೊತ್ತು.

—

ಗ್ಯಾಸ್ ಲೇನ್
ಭಾನುವಾರ, 13 ಮಾರ್ಚ್ 1983

ಪ್ರಿಯ ವಿಲ್ಫ್,

ನಿನ್ನೆಯ ಸುದ್ದಿ ರೇಡಿಯೋದಲ್ಲಿ ಬಂದಿರಬಹುದು. ಎರಡು ಗೋಲು ಮುಂದಿದ್ದೆವು. ಮಳೆ ನಿಲ್ಲಲಿಲ್ಲ. ಅರವತ್ತೊಂದನೇ ನಿಮಿಷಕ್ಕೆ ರೈಲ್ವೆ ಮೂಲೆಯಲ್ಲಿ ಚೆಂಡು ಉರುಳದೆ ನಿಂತಿತು. ರೆಫರಿ ನನ್ನನ್ನು ಕರೆದು ಕೇಳಿದರು, ಉತ್ತರ ಹೇಳಿದೆ. ಪಂದ್ಯ ರದ್ದಾಯಿತು. ಏಪ್ರಿಲ್ 19ಕ್ಕೆ ಸೊನ್ನೆಯಿಂದ ಮತ್ತೆ ಆಡಬೇಕು.

ಬೇರೆ ವಿಶೇಷವಿಲ್ಲ. ಯಂತ್ರದ ಬ್ಲೇಡು ರಿಪೇರಿಗೆ ಹೋಗಿದೆ.

ಹೆಡ್ಲಿ

—

ಜೀಲಾಂಗ್
ಸೋಮವಾರ, 28 ಮಾರ್ಚ್ 1983

ಪ್ರಿಯ ಹೆಡ್ಲಿ,

"ಉತ್ತರ ಹೇಳಿದೆ." ಈ ಎರಡು ಪದದ ಹಿಂದೆ ಏನಿರಬಹುದು ಎಂದು ನನಗೆ ಗೊತ್ತು. ಎರಡು ಗೋಲು ಮುಂದಿರುವಾಗ, ನಾಲ್ಕು ಸಾವಿರ ಜನ ನೋಡುತ್ತಿರುವಾಗ, ಇಡೀ ಊರು "ಆಡಬಹುದು ಅನ್ನು" ಎಂದು ಮನಸ್ಸಿನಲ್ಲೇ ಕೂಗುತ್ತಿರುವಾಗ ಆಗದು ಎಂದು ಹೇಳುವುದು ಎಷ್ಟು ಕಷ್ಟ. ನನ್ನ ಕೈಲಾಗುತ್ತಿರಲಿಲ್ಲ, ಅಪ್ಪನ ಕೈಲಂತೂ ಮೊದಲೇ ಆಗುತ್ತಿರಲಿಲ್ಲ, ಹಾಯಾಗಿ ಸುಳ್ಳು ಹೇಳಿಬಿಡುತ್ತಿದ್ದರು. ನಮ್ಮ ಮನೆಯಲ್ಲಿ ನೀನೊಬ್ಬನೇ ಅದನ್ನು ಮಾಡಬಲ್ಲವನು.

ಮರ್ವ್‌ಗೂ ಹೇಳಿದೆ. "ಅಂಥೋನ್ ಹತ್ರ ದುಡ್ ಕೊಟ್ಟಿದೀಯ, ಬಿಡು, ಭದ್ರವಾಗಿದೆ," ಅಂದ.

ನಿನ್ನ ಬಗ್ಗೆ ಹೆಮ್ಮೆಯಾಗುತ್ತದೆ. ಇದನ್ನು ಬರೆದು ನನಗೆ ಅಭ್ಯಾಸವಿಲ್ಲ, ಆದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ.

ವಿಲ್ಫ್

—

ಗ್ಯಾಸ್ ಲೇನ್
ಬುಧವಾರ, 20 ಏಪ್ರಿಲ್ 1983

ಪ್ರಿಯ ವಿಲ್ಫ್,

ನಿನ್ನೆ ಮತ್ತೆ ಆಡಿದರು. ಒಂದು ಸೊನ್ನೆಯಿಂದ ಸೋತರು. ನೆಲ ಚೆನ್ನಾಗಿ ಒಣಗಿತ್ತು.

ನಿನ್ನ ಕಾಗದ ಬಂತು.

ಹೆಡ್ಲಿ

—

ಜೀಲಾಂಗ್
ಬುಧವಾರ, 18 ಮೇ 1983

ಪ್ರಿಯ ಹೆಡ್ಲಿ,

ಭಾನುವಾರ ನಸುಕಿನಲ್ಲಿ ರೇಡಿಯೋದಲ್ಲಿ ಕೇಳಿದೆ. ಇಪ್ಪತ್ತೊಂದನೇ ಸ್ಥಾನ. ಒಂದೇ ಒಂದು ಅಂಕ ಕಡಿಮೆ. ಎದ್ದು ಹೋಗಿ ಹಿತ್ತಲಲ್ಲಿ ನಿಂತುಕೊಂಡೆ. ನನ್ನಾಕೆ ನೋರೀನ್ ಕಿಟಕಿಯಿಂದ, "ಯಾರ್ ಹೋದ್ರು?" ಎಂದು ಕೇಳಿದಳು. ಯಾರೂ ಇಲ್ಲ, ಟೌನ್, ಎಂದೆ. ಟೀ ಮಾಡಿಕೊಟ್ಟಳು.

ಈಗ ಒಂದು ಮಾತು ಹೇಳುತ್ತೇನೆ. ಇಷ್ಟು ವರ್ಷ ಹೇಳಿರಲಿಲ್ಲ. ಟೌನ್ ಗೆಲ್ಲುತ್ತದೆ ಎಂದು ನಾನು ಯಾವತ್ತೂ ನಂಬಿರಲಿಲ್ಲ. ಅಪ್ಪ ಹೋದಮೇಲೆ ಮೊದಲ ವರ್ಷ ನೀನು ನನಗೆ ಬರೆದದ್ದು ಒಂದೇ ಕಾಗದ, ಕ್ರಿಸ್‌ಮಸ್ ಕಾರ್ಡಿನ ಒಳಗೆ. ಮುಂದಿನ ಆಗಸ್ಟಿನಲ್ಲಿ ದುಡ್ಡು ಕಳಿಸಿದೆ. ಹಣ ತಲುಪಿತು ಎಂದು ಒಂದು ಕಾಗದ ಬಂತು, ಬಾಜಿ ಸೋತಿತು ಎಂದು ಮೇನಲ್ಲಿ ಇನ್ನೊಂದು. ನಡುವೆ ಗೋಲಿಗೊಂದು, ಮಳೆಗೊಂದು. ವರ್ಷವರ್ಷ ಹತ್ತು ಪೌಂಡನ್ನು ಪಿಲ್ಲಿಂಗ್ ಜೇಬಿಗೆ ಹಾಕ್ತಿದೀಯ ಎಂದು ಮರ್ವ್ ಲೆಕ್ಕ ಹಾಕಿ ಬೈದ. ಇಲ್ಲ ಮಾರಾಯ, ಅಂಚೆ ಖರ್ಚು ಸ್ವಲ್ಪ ದುಬಾರಿ ಅಷ್ಟೇ, ಎಂದೆ.

ಒಂದು ಕೆಲಸ ಮಾಡು. ಅಪ್ಪನ ತಂಬಾಕಿನ ಡಬ್ಬಿಯಲ್ಲಿರುವ ಸೋತ ಚೀಟಿಗಳನ್ನೆಲ್ಲ ನನಗೆ ಕಳಿಸು. ಗಾಜಿನ ಚೌಕಟ್ಟು ಮಾಡುತ್ತಿದ್ದೇನೆ, ಷೆಡ್ಡಿನ ಗೋಡೆಗೆ ಹಾಕುತ್ತೇನೆ. ಅಪ್ಪನವು ಹದಿಮೂರು, ನಮ್ಮವು ಒಂಬತ್ತು, ಒಟ್ಟು ಇಪ್ಪತ್ತೆರಡು. ಈ ವರ್ಷದ್ದನ್ನು ನಡುವೆ ಇಡಬೇಕು ಅಂತಿದ್ದೇನೆ. ಎಲ್ಲಕ್ಕಿಂತ ಚೆನ್ನಾಗಿ ಸೋತದ್ದು ಅದೇ ತಾನೆ.

ಆಗಸ್ಟಿನಲ್ಲಿ ದುಡ್ಡು ಬರುತ್ತದೆ. ನಾಲ್ಕನೇ ಡಿವಿಷನ್ನಿನಲ್ಲಾದರೂ ಗೆಲ್ಲಲಿ.

ವಿಲ್ಫ್

—

ಗ್ಯಾಸ್ ಲೇನ್
ಶನಿವಾರ, 4 ಜೂನ್ 1983

ಪ್ರಿಯ ವಿಲ್ಫ್,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಡಬ್ಬಿ ಮೇಜಿನ ಮೇಲಿದೆ. ಅದರಲ್ಲಿ ಇಪ್ಪತ್ತೊಂದು ಚೀಟಿಗಳಿವೆ. ಇಪ್ಪತ್ತೆರಡನೆಯದು ನನ್ನ ಕೋಟಿನ ಜೇಬಿನಲ್ಲಿದೆ. ಅದು ಸೋತ ಚೀಟಿ ಅಲ್ಲ. ನಮ್ಮ ಇಪ್ಪತ್ತು ಪೌಂಡನ್ನು ಆಗಸ್ಟಿನಲ್ಲಿ ಟೌನ್ ಇಳಿಯುತ್ತದೆ ಎಂದು ಕಟ್ಟಿದ್ದೆ. ಅದನ್ನು ನಿನಗೆ ಹೇಳಲು ಎರಡು ಸಲ ಬರೆದೆ, ಕಳಿಸಲಿಲ್ಲ. ಆ ಹಾಳೆಗಳನ್ನೂ ಇದರ ಜೊತೆ ಇಡುತ್ತಿದ್ದೇನೆ. ಮೊದಲು ಅವನ್ನು ಓದು.

ಸೋತ ಚೀಟಿ ಯಾರಿಗೂ ಬೇಡ, ಅದಕ್ಕೇ ಅಪ್ಪನಿಗೆ ಅವನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಲು ಸಾಧ್ಯವಾಯಿತು. ಗೆದ್ದ ಚೀಟಿಯನ್ನು ಕೌಂಟರಿನಲ್ಲಿ ಒಪ್ಪಿಸಬೇಕು, ಆಮೇಲೆ ಅದು ನಮ್ಮ ಹತ್ತಿರ ಇರುವುದಿಲ್ಲ. ನಿನ್ನ ಕಾಗದ ಬಂದ ದಿನ ಮೊದಲು ಹೊಳೆದದ್ದು ಇದೇ. ಮುನ್ನೂರು ಪೌಂಡು ತೆಗೆದುಕೊಂಡು, ಚೀಟಿ ಎಲ್ಲೋ ಕಳೆದುಹೋಯಿತು ವಿಲ್ಫ್ ಎಂದು ಬರೆದರೆ ನೀನು ನಂಬುತ್ತೀಯ. ಮುಂದಿನ ಆಗಸ್ಟಿನಲ್ಲಿ ಮತ್ತೆ ಹತ್ತು ಪೌಂಡು ಕಳಿಸುತ್ತೀಯ.

ಆದರೆ ಬಾಜಿಗಿಂತ ಕೆಟ್ಟದ್ದೊಂದಿದೆ. ಮಾರ್ಚ್ 12ರ ವಿಷಯ.

ಮಳೆಯಿರುವ ಪ್ರತಿ ಶನಿವಾರ ವಿರಾಮಕ್ಕೆ ಮೊದಲೇ ಹೋಗಿ ರೈಲ್ವೆ ಮೂಲೆಯ ಮುಚ್ಚಳ ಎತ್ತುತ್ತೇನೆ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ. ಅವತ್ತು ಎತ್ತಲಿಲ್ಲ. ಉದ್ದ ಹಲ್ಲಿನ ಫೋರ್ಕು ಹಿಡಿದುಕೊಂಡು ನೀರಿಳಿಯಲೆಂದು ಬೇರೆ ಕಡೆಯೆಲ್ಲ ನೆಲ ಚುಚ್ಚಿದೆ, ಆ ಮೂಲೆಗೆ ಮಾತ್ರ ಹೋಗಲಿಲ್ಲ. ಮರೆತೆ ಎಂದು ಹೇಳಬಹುದಿತ್ತು. ಆದರೆ ಮರೆತವನಿಗೆ ಆ ಕಡೆ ನೋಡಬಾರದು ಎಂಬುದು ನೆನಪಿರುವುದಿಲ್ಲ.

ರೆಫರಿ ಕರೆದರು. ಮೊಣಕಾಲವರೆಗೆ ಕೆಸರಾಗಿದ್ದರು.

"ಇದ್ ನಿಮ್ ಮೈದಾನ, ನಿಮಗೇ ಚೆನ್ನಾಗ್ ಗೊತ್ತಿರತ್ತೆ. ಕಾಲು ಗಂಟೆ ಆಟ ನಿಲ್ಸಿದ್ರೆ ಈ ನೀರು ಇಳಿಯತ್ತಾ?"

ನಮ್ಮ ಗೋಲ್‌ಕೀಪರ್ ಕಾಲಿನ್ ಯಾರ್‌ವುಡ್ ಪಕ್ಕದಲ್ಲೇ ನಿಂತಿದ್ದ. ಮೂವತ್ನಾಲ್ಕು ವರ್ಷದವನು. ತಂಡ ಇಳಿದರೆ ಕೆಲಸ ಹೋಗುವುದು ಮೊದಲು ಅವನದೇ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಇಲ್ಲ ಸರ್," ಎಂದೆ. "ಇವತ್ತು ಇಳಿಯಲ್ಲ."

ರೆಫರಿ ಶಿಳ್ಳೆ ಊದಿದರು. ಒಳಗೆ ಹೋಗುತ್ತ ಕಾಲಿನ್ ನನ್ನ ಹೆಗಲ ಮೇಲೆ ಕೈಹಾಕಿದ. "ಯಾಕ್ ಮುಖ ಸಣ್ಣ ಮಾಡ್ಕೊಂಡಿದೀಯ? ಮಳೆ ಏನ್ ನಿನ್ ಮಾತು ಕೇಳತ್ತೇನೋ," ಎಂದ.

ಎಲ್ಲರೂ ಹೋದಮೇಲೆ ಮುಚ್ಚಳ ಎತ್ತಿದೆ. ಗಡಿಯಾರ ನೋಡಿಕೊಂಡೆ. ಹನ್ನೆರಡು ನಿಮಿಷಕ್ಕೆ ಹುಲ್ಲು ಕಾಣಿಸಿತು. ಉಳಿದ ಅರ್ಧ ಗಂಟೆ ಆಡಬಹುದಿತ್ತು. ಮೂರು ಅಂಕ ಬರುತ್ತಿತ್ತು. ಕೊನೆಗೆ ಒಂದು ಅಂಕ ಕಡಿಮೆಯಾಯಿತು.

ಇದನ್ನೇ ನೀನು ಹೆಮ್ಮೆ ಎಂದು ಬರೆದೆ. ಆ ಕಾಗದವನ್ನು ಒಂದೇ ಸಲ ಓದಿದ್ದೇನೆ. ಎರಡನೇ ಸಲ ತೆಗೆಯಲು ಕೈ ಬರಲಿಲ್ಲ.

ಹೋದ ಶುಕ್ರವಾರ ಕಾಲಿನ್‌ನನ್ನು ತಂಡದಿಂದ ಕೈಬಿಟ್ಟರು. ಬೂಟು ತೆಗೆದುಕೊಂಡು ಹೋಗಲು ಬಂದವನು ನನ್ನ ಕೋಣೆಗೂ ಬಂದ. ಅವನ ಭಾವನಿಗೆ ಟೈಲ್ಸ್ ಅಂಗಡಿ ಇದೆಯಂತೆ, ಅಲ್ಲಿ ವ್ಯಾನ್ ಓಡಿಸುತ್ತಾನಂತೆ. ಗೋಲಿನ ಮುಂದೆ ಅವನು ಸದಾ ನಿಲ್ಲುತ್ತಿದ್ದ ಜಾಗದಿಂದ ಒಂದು ಹಿಡಿ ಹುಲ್ಲು ಬೇರು ಸಮೇತ ಬೇಕು ಎಂದ, ಮನೆಯ ಹಿತ್ತಲಲ್ಲಿ ನೆಡಲು. ಕತ್ತರಿಸಿ ಒದ್ದೆ ಕಾಗದದಲ್ಲಿ ಸುತ್ತಿಕೊಟ್ಟೆ. "ನೀನೊಬ್ನೇ ಕಣೋ ಇಲ್ಲಿ ನೆಟ್ಟಗೆ ಕೆಲ್ಸ ಮಾಡ್ದೋನು," ಎಂದ. ನಾನು ಬ್ರಷ್ ತೊಳೆಯುತ್ತಿದ್ದೆ, ತೊಳೆಯುತ್ತಲೇ ಇದ್ದೆ.

ನಿನಗೆ ಗೆದ್ದ ಸುದ್ದಿ ಬರೆಯಬೇಕು ಎಂದು ಶುರುಮಾಡಿದೆ ಎಂದು ಆಗಸ್ಟಿನಲ್ಲಿ ಬರೆದಿದ್ದೆನಲ್ಲ, ಅಲ್ಲಿ ಪೆನ್ನು ಇಟ್ಟದ್ದು ಯಾಕೆಂದು ಈಗ ಹೇಳಬಲ್ಲೆ. ಇಪ್ಪತ್ತೊಂದು ವರ್ಷ ಆ ಅಂಗಡಿ ನಕ್ಕದ್ದು ಅಪ್ಪನನ್ನು ನೋಡಿ, ನಿನ್ನನ್ನು ನೆನೆದು. ಅಪ್ಪ ಆ ನಗು ಕೇಳಲೆಂದೇ ಹೋಗುತ್ತಿದ್ದರು. ನಾನು ಮಾತ್ರ ಪ್ರತಿ ವರ್ಷ ಅದನ್ನು ನುಂಗಿಕೊಂಡು ಬರುತ್ತಿದ್ದೆ. ಒಂದು ವರ್ಷವಾದರೂ ನಾನು ತಿಳಿದವನು ಅನ್ನಿಸಿಕೊಳ್ಳಬೇಕಿತ್ತು. ನಾನು ಹೇಳಿದಂತೆಯೇ ಆಯಿತು. ಹಾಗಾಗುವಂತೆ ನಾನೇ ನೋಡಿಕೊಂಡೆ.

ನೀನು ದುಡ್ಡು ಕಳಿಸುತ್ತಿದ್ದದ್ದು ಯಾಕೆಂದು ಈ ಮೇವರೆಗೆ ನನಗೆ ಗೊತ್ತಿರಲಿಲ್ಲ. ನಾನು ನಿನ್ನನ್ನು ಆಸೆಬುರುಕ ಎಂದುಕೊಂಡಿದ್ದೆ.

ಈಗ ಮಾಡಬೇಕೆಂದಿರುವುದನ್ನು ಬರೆಯುತ್ತೇನೆ. ಬರೆದರೆ ಹಿಂದೆ ಸರಿಯುವುದು ಕಷ್ಟವಾದೀತು, ಅದಕ್ಕೆ. ಚೀಟಿಯನ್ನು ಅಂಗಡಿಗೆ ಕೊಡುವುದಿಲ್ಲ. ಉಳಿದ ಇಪ್ಪತ್ತೊಂದರ ಜೊತೆ ಡಬ್ಬಿಯಲ್ಲಿಟ್ಟು ನಿನಗೆ ಕಳಿಸುತ್ತೇನೆ. ಅದರಲ್ಲಿ ಅರ್ಧ ನಿನ್ನದು. ನಿನ್ನ ಪಾಲು ಬೇಕೆಂದರೆ ಚೀಟಿಯನ್ನು ಮೇವಿಸ್ ಹೆಸರಿಗೆ ಅಂಚೆಯಲ್ಲಿ ಕಳಿಸು, ಒಂದು ವರ್ಷದವರೆಗೆ ಹಣ ಕೊಡುತ್ತಾರೆ. ನನ್ನ ಪಾಲು ನನಗೆ ಬೇಡ. ಚೌಕಟ್ಟಿನಲ್ಲಿ ಹಾಕುವುದೋ ಒಲೆಗೆ ಹಾಕುವುದೋ ನಿನಗೆ ಬಿಟ್ಟದ್ದು. ಆಮೇಲೆ ಅಧ್ಯಕ್ಷರ ಕೋಣೆಗೆ ಹೋಗಿ ಮುಚ್ಚಳದ ವಿಷಯವನ್ನೂ ಬಾಜಿಯ ವಿಷಯವನ್ನೂ ಹೇಳುತ್ತೇನೆ. ಕೆಲಸ ಹೋಗುತ್ತದೆ. ಅಲ್ಲಿಂದ ಟೈಲ್ಸ್ ಅಂಗಡಿಗೆ ಹೋಗಬೇಕು. ಅಧ್ಯಕ್ಷರಿಗಿಂತ ಅಲ್ಲಿ ಹೇಳುವುದು ಕಷ್ಟ.

ಆಗಸ್ಟಿನಲ್ಲಿ ದುಡ್ಡು ಕಳಿಸಬೇಡ. ಕಾಗದ ಬರೆಯಬೇಕೆನಿಸಿದರೆ ಬರೆ. ಅನಿಸದಿದ್ದರೆ ನನಗೆ ಅರ್ಥವಾಗುತ್ತದೆ.

ಇವತ್ತು ಮಧ್ಯಾಹ್ನಕ್ಕೇ ಅಂಚೆ ಕಚೇರಿ ಮುಚ್ಚಿತು. ದಾರ, ಕಂದು ಕಾಗದ, ಡಬ್ಬಿ ಮೂರೂ ಮೇಜಿನ ಮೇಲಿವೆ, ಇನ್ನೂ ಕಟ್ಟಿಲ್ಲ. ಚೀಟಿಯನ್ನು ಈಗ ಜೇಬಿನಿಂದ ತೆಗೆದು ಡಬ್ಬಿಯ ಪಕ್ಕದಲ್ಲಿಟ್ಟಿದ್ದೇನೆ. ಸೋಮವಾರ ಅಂಚೆ ಕಚೇರಿ ಒಂಬತ್ತಕ್ಕೆ ತೆರೆಯುತ್ತದೆ, ಪಿಲ್ಲಿಂಗ್ ಅಂಗಡಿ ಹತ್ತಕ್ಕೆ. ಒಂಬತ್ತಕ್ಕೆ ಐದು ನಿಮಿಷ ಇರುವಾಗಲೇ ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ.

ಹೆಡ್ಲಿ